ಅಡುಗೆಮನೆಯ ಹಸ್ತಪ್ರತಿ, ಪ್ರಕಾಶಕರ ಬಾಗಿಲು

ಕಳೆದ ಶ್ರಾವಣದ ಒಂದು ಸೋಮವಾರ ಸಂಜೆ ಕಲ್ಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ಹಳೆಯ ಗ್ರಂಥವೊಂದರ ಕರಡು ತಿದ್ದುತ್ತ ಕುಳಿತಿದ್ದೆವು. ನಮ್ಮ ಓಣಿಯ ಸೊಸೆಯೊಬ್ಬಳು ತನ್ನ ಗಂಡನೊಡನೆ ಬಂದು, ನಮಸ್ಕರಿಸಿ, ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಗಂಟನ್ನು ಮುಂದಿಟ್ಟಳು. ಬಿಚ್ಚಿ ನೋಡಿದರೆ ಶಾಲೆಯ ಮಕ್ಕಳು ಬಳಸುವಂಥ ಎಂಟು ನೋಟುಪುಸ್ತಕಗಳು. ನಾಲ್ಕು ವರ್ಷ ಕುಳಿತು ಆಕೆ ಬರೆದ ಒಂದು ಕಾದಂಬರಿ. ನಮ್ಮ ಹೊಲಗಳಿಗೆ ತುಂಗಭದ್ರಾ ಕಾಲುವೆಯ ನೀರು ಬಂದ ಕಾಲದಲ್ಲಿ ಒಂದು ಮನೆತನದೊಳಗೆ ಏನೇನು ಬದಲಾಯಿತು, ಜೋಳ ಉಣ್ಣುತ್ತಿದ್ದವರು ಭತ್ತ ಬೆಳೆಯತೊಡಗಿದಾಗ ಹೆಣ್ಣುಮಕ್ಕಳ ಪಾಲಿಗೆ ಏನು ಉಳಿಯಿತು ಎಂಬುದೇ ಅದರ ವಸ್ತು.

“ಗುರುಗಳ, ಇದನ್ನ ಯಾರಿಗೆ ಕಳಿಸಬೇಕು, ಹೆಂಗ ಕಳಿಸಬೇಕು, ನಮಗ ತಿಳೀವಲ್ದು” ಎಂದಳು. ಅದಾಗಲೇ ಎರಡು ಕಡೆ ಪ್ರಯತ್ನಿಸಿದ್ದಳಂತೆ. ಒಬ್ಬ ಪ್ರಕಾಶಕರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು ಮುದ್ರಣದ ವೆಚ್ಚವನ್ನೆಲ್ಲ ನೀವೇ ಕೊಟ್ಟರೆ ಅಚ್ಚು ಹಾಕುತ್ತೇವೆ ಎಂದರು. ಮನೆಯಲ್ಲಿ ಅತ್ತೆಯವರು, ಕೂಸು ಅಳುತ್ತಿರುವಾಗ ಬರೆಯುತ್ತ ಕೂಡುವುದು ಎಂಥ ಕೆಲಸ ಎಂದು ಮೂದಲಿಸುತ್ತಿದ್ದರಂತೆ. ಬೆಳಿಗ್ಗೆ ರೊಟ್ಟಿ, ಮಕ್ಕಳ ಶಾಲೆ, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಸಂಜೆ ಎಮ್ಮೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪದ ಕೆಳಗೆ ಬರವಣಿಗೆ. ಇದು ಆಕೆಯ ದಿನಚರಿ.

ನಾವು ಆಗ ಕೊಟ್ಟ ಉತ್ತರವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. “ತಂಗೀ, ಇಷ್ಟು ಅವಸರ ಏಕೆ? ಮಕ್ಕಳು ಒಂದಿಷ್ಟು ದೊಡ್ಡವರಾಗಲಿ. ಬರಹ ಎಲ್ಲಿಗೂ ಓಡಿ ಹೋಗುವುದಿಲ್ಲ” ಎಂದೆವು. ಹಿತವಚನ ಹೇಳಿದೆವೆಂಬ ಸಮಾಧಾನವೂ ನಮಗಿತ್ತು. ಆಕೆ ಮಾತಾಡದೆ ಗಂಟು ಕಟ್ಟಿಕೊಂಡು ಹೋದಳು. ಅವರು ಅಂಗಳ ದಾಟಿದ ಮೇಲೆ ಒಳಗಿನಿಂದ ನಮ್ಮ ಮನೆಯವರು ಬಂದು ಒಂದೇ ಮಾತು ಕೇಳಿದರು: “ನೀವು ನಿಮ್ಮ ಪುಸ್ತಕ ಬರೀಬೇಕಾದ್ರ ನಮ್ಮ ಹುಡುಗರು ದೊಡ್ಡವ್ರಾಗಿದ್ರೇನು?”

ಆ ರಾತ್ರಿ ನಮಗೆ ನಿದ್ರೆ ಸುಳಿಯಲಿಲ್ಲ. ನಾವು ಬಾಲ್ಯದಿಂದ ಮಠದ ಆಶ್ರಯದಲ್ಲಿ ಓದಿ ಬೆಳೆದವರು. ಪ್ರಸಾದದ ಗಂಟೆ ಬಾರಿಸಿದರೆ ಎದ್ದು ಹೋಗುತ್ತಿದ್ದೆವು; ಆ ಪ್ರಸಾದ ಯಾರ ಕೈಯಿಂದ ಸಿದ್ಧವಾಯಿತೆಂದು ಯೋಚಿಸಿದವರಲ್ಲ. ಗೃಹಸ್ಥರಾದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ನಾವು ಬರೆಯಲು ಕುಳಿತರೆ ಮನೆಯವರು ಮಕ್ಕಳನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ನಮ್ಮ ಹೆಸರಿನಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಹಾಗೆ ನಿಶ್ಶಬ್ದಗೊಳಿಸಿದ ಮಧ್ಯಾಹ್ನಗಳಲ್ಲಿ ಹುಟ್ಟಿದವು. ಅಂಥ ಒಂದು ಮಧ್ಯಾಹ್ನವನ್ನೂ ಪಡೆಯದೆ ಎಂಟು ನೋಟುಪುಸ್ತಕ ತುಂಬಿಸಿದ ಹೆಣ್ಣುಮಗಳಿಗೆ ನಾವು ಕಾಯಲು ಹೇಳಿದ್ದೆವು! ಮರುದಿನ ಬೆಳಿಗ್ಗೆಯೇ ಹೇಳಿಕಳಿಸಿ, ಕ್ಷಮೆ ಕೇಳಿ, ಆ ಗಂಟನ್ನು ಮರಳಿ ತರಿಸಿಕೊಂಡೆವು. ಹದಿನೈದು ದಿನಗಳಲ್ಲಿ ಓದಿ ಮುಗಿಸಿದೆವು. ತಿದ್ದಬೇಕಾದುದು ಬಹಳವಿತ್ತು, ಆದರೆ ಅದು ನಿಜವಾದ ಕಾದಂಬರಿ.

ಇಂಥ ಗಂಟುಗಳು ನಮ್ಮ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇರಬಹುದೆಂಬ ಭಾವನೆಯಿಂದ, ಆ ಬಳಿಕ ನಾವು ವಿಚಾರಿಸಿ ತಿಳಿದುದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಇಂಗ್ಲಿಷ್ ಪುಸ್ತಕಲೋಕದಲ್ಲಿ ಲೇಖಕನಿಗೂ ಪ್ರಕಾಶಕನಿಗೂ ನಡುವೆ ‘ಲಿಟರರಿ ಏಜೆಂಟ್’ ಎಂಬ ಒಬ್ಬ ಮಧ್ಯವರ್ತಿ ಇರುತ್ತಾನೆ. ರಾಯಚೂರಿನ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರೈತನ ಮಾಲಿಗೆ ಅಡತಿಯವರು ಗಿರಾಕಿಯನ್ನು ಹುಡುಕಿ, ದರ ಕುದುರಿಸಿ, ತಮ್ಮ ದಲಾಲಿಯನ್ನು ಹಿಡಿದುಕೊಳ್ಳುವಂತೆ, ಈತನೂ ಹಸ್ತಪ್ರತಿಗೆ ತಕ್ಕ ಪ್ರಕಾಶಕರನ್ನು ಹುಡುಕಿ, ಕರಾರು ಮಾಡಿಸಿ, ಲೇಖಕನಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟನ್ನು ಪಡೆಯುತ್ತಾನೆ. ಲಂಡನ್ನಿನಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಎ. ಪಿ. ವಾಟ್ ಎಂಬಾತನು ಈ ವೃತ್ತಿಗೆ ಒಂದು ರೂಪ ಕೊಟ್ಟನು. ಅಲ್ಲಿ ಲೇಖಕನು ಮೊದಲು ಒಂದು ಪುಟದ ಪತ್ರ, ಕಥೆಯ ಸಾರಾಂಶ ಮತ್ತು ಆರಂಭದ ಕೆಲವು ಅಧ್ಯಾಯಗಳನ್ನು ಕಳಿಸುತ್ತಾನೆ. ಮೆಚ್ಚಿಗೆಯಾದರೆ ಮಾತ್ರ ಉಳಿದದ್ದನ್ನು ಕೇಳುತ್ತಾರೆ. ಹತ್ತಾರು ಕಡೆಯಿಂದ ನಿರಾಕರಣೆ ಬರುವುದು ಅಲ್ಲಿ ದಿನನಿತ್ಯದ ಸಂಗತಿ.

ಕನ್ನಡದಲ್ಲಿ ಈ ಅಡತಿಯ ಪದ್ಧತಿ ಬೆಳೆದಿಲ್ಲ. ಇಲ್ಲಿ ಲೇಖಕನೇ ನೇರವಾಗಿ ಪ್ರಕಾಶಕನ ಬಾಗಿಲು ತಟ್ಟಬೇಕು. ಕೆಲವರು ಅದಕ್ಕೂ ಮುಂದೆ ಹೋಗಿ ತಾವೇ ಮಾರಾಟಗಾರರೂ ಆಗಿದ್ದಾರೆ. ಹಾವೇರಿ ಸೀಮೆಯ ಗಳಗನಾಥರು ಶಾಲಾ ಶಿಕ್ಷಕರಾಗಿದ್ದು, ಕಾದಂಬರಿಗಳನ್ನು ಬರೆದು, ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಅವರು ಅಗ್ರಗಣ್ಯರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು, ಹೊಸ ಕೃತಿಗಳಿಗೆ ದಾರಿ ತೆರೆದರು. ವಾರಪತ್ರಿಕೆಗಳ ಧಾರಾವಾಹಿಗಳೂ ಎಷ್ಟೋ ಕಾದಂಬರಿಕಾರರಿಗೆ ಮೊದಲ ಮೆಟ್ಟಿಲಾಗಿದ್ದವು.

ನಮ್ಮ ಸಮಾಜಕ್ಕೆ ಹತ್ತಿರವಾದ ಉದಾಹರಣೆಯೊಂದಿದೆ. ಅದು ಕಾದಂಬರಿಯದಲ್ಲ, ವಚನಗಳದು. ಆದರೆ ಹಸ್ತಪ್ರತಿಯ ಸಂಕಟ ಎಲ್ಲ ಕಡೆಯೂ ಒಂದೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾವು ಸಂಗ್ರಹಿಸಿದ ವಚನಗಳನ್ನು ಅಚ್ಚಿಗೆ ಕಳಿಸಿದಾಗ ಮಂಗಳೂರಿನ ಮುದ್ರಣಾಲಯವೊಂದು ಅದನ್ನು ಮುದ್ರಿಸದೆ ಹಿಂದಿರುಗಿಸಿತು. ಅವರು ಎದೆಗುಂದಲಿಲ್ಲ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಇದ್ದ ಮನೆಯನ್ನೂ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಈ ತ್ಯಾಗವನ್ನು ನಾವು ವೇದಿಕೆಗಳ ಮೇಲೆ ನೂರಾರು ಸಲ ಕೊಂಡಾಡಿದ್ದೇವೆ. ಆದರೆ ಮಾರಾಟವಾದ ಆ ಮನೆಯಲ್ಲಿ ಅವರೊಬ್ಬರೇ ವಾಸವಾಗಿರಲಿಲ್ಲ ಎಂಬುದು ಈಗ ನಮಗೆ ಹೊಳೆಯುತ್ತಿದೆ. ಒಬ್ಬರ ಕೃತಿಗಾಗಿ ಮನೆಯವರೆಲ್ಲ ತೆತ್ತ ಬೆಲೆಯನ್ನು ನಮ್ಮ ಭಾಷಣಗಳು ಲೆಕ್ಕಕ್ಕೆ ಹಿಡಿದದ್ದು ಅಪರೂಪ. ಗಂಡಸಿನ ಬರಹಕ್ಕಾಗಿ ಮನೆಯೇ ಕರಗಿದರೆ ತ್ಯಾಗ, ಹೆಂಗಸಿನ ಬರಹಕ್ಕಾಗಿ ಒಂದು ಹೊತ್ತಿನ ರೊಟ್ಟಿ ತಡವಾದರೆ ಅಪರಾಧ ಎಂಬ ಈ ತಕ್ಕಡಿ ಸರಿಯೇ?

ಮಹಿಳೆಯರ ಮಾತಿಗೆ ಬಂದರೆ, ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಶಾಲೆಯ ಓದು ಏಳನೆಯ ತರಗತಿಯವರೆಗೆ ಮಾತ್ರ. ಹನ್ನೆರಡನೆಯ ವಯಸ್ಸಿಗೆ ಮದುವೆ. ಸಂಸಾರದ ಹೊರೆ ಹೊತ್ತು, ನಲವತ್ತೈದರ ಆಸುಪಾಸಿನಲ್ಲಿ ಲೇಖನಿ ಹಿಡಿದರು. 1963ರಲ್ಲಿ ‘ತುಂಗಭದ್ರಾ’ ಪ್ರಕಟವಾಯಿತು. ಆಮೇಲೆ 1976ರಲ್ಲಿ ಬಂದ ‘ಫಣಿಯಮ್ಮ’ನನ್ನು ಓದದ ಕನ್ನಡದ ಮನೆ ಕಡಿಮೆ. ಮನೆಯೊಳಗಿನ ಹೆಂಗಸರು ಹೇಳುತ್ತಿದ್ದ ಸಂಗತಿಗಳೇ ಅವರ ಭಂಡಾರ. ನಮ್ಮ ಕಲ್ಯಾಣ ಕರ್ನಾಟಕದವರೇ ಆದ ಗೀತಾ ನಾಗಭೂಷಣ ಅವರು ಕಾರ್ಮಿಕ ಕುಟುಂಬದಲ್ಲಿ ಹುಟ್ಟಿ, ನೌಕರಿ ಮಾಡುತ್ತಲೇ ಓದಿ ಬರೆದವರು. ಕಲಬುರಗಿಯ ಆಡುಮಾತನ್ನು ಕಾದಂಬರಿಗೆ ತಂದ ಅವರ ‘ಬದುಕು’ ಕೃತಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಮ್ಮ ಸೀಮೆಯ ಮಾತು ಪುಸ್ತಕಕ್ಕೆ ಒಗ್ಗದೆಂದು ಹಿಂಜರಿಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕನ್ನಡದ ಬರಹ ಅಡತಿಯವರ ಆ ದೂರದ ಪೇಟೆಯನ್ನೂ ತಲುಪಬಲ್ಲದು. ಹಾಸನದಲ್ಲಿ ವಕೀಲಿ ಮಾಡುತ್ತ ಬರೆದ ಬಾನು ಮುಷ್ತಾಕ್ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಬರೆದ ಕತೆಗಳಲ್ಲಿ ಹನ್ನೆರಡನ್ನು ಮಡಿಕೇರಿಯ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. ‘ಹಾರ್ಟ್ ಲ್ಯಾಂಪ್’ ಎಂಬ ಆ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. 50,000 ಪೌಂಡುಗಳ ಆ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು. ಮೊದಲು ಕನ್ನಡದ ಓದುಗರನ್ನು ತಲುಪಿದ ಬರಹವೇ ಅಷ್ಟು ದೂರ ಹೋಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಹಸ್ತಪ್ರತಿ ಮುಗಿಸಿದವರು ಮಾಡಬೇಕಾದುದನ್ನು ಹೇಳುತ್ತೇವೆ. ಮೊದಲನೆಯದಾಗಿ, ಮೂಲ ಪ್ರತಿಯನ್ನು ಯಾರಿಗೂ ಕೊಡಬಾರದು. ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿ, ಎರಡು ಕಡೆ ಕಾಪಾಡಿ, ಪ್ರತಿಯನ್ನಷ್ಟೇ ಕಳಿಸಬೇಕು. ಎರಡನೆಯದಾಗಿ, ಪ್ರಕಾಶಕರ ಇತ್ತೀಚಿನ ನಾಲ್ಕಾರು ಪುಸ್ತಕಗಳನ್ನು ಓದಿ, ನಮ್ಮ ಕೃತಿ ಅವರ ಸಾಲಿಗೆ ಸೇರುವುದೇ ಎಂದು ನೋಡಬೇಕು. ಧಾರ್ಮಿಕ ಗ್ರಂಥಗಳನ್ನು ಮಾತ್ರ ಹೊರತರುವವರಿಗೆ ಕಾದಂಬರಿ ಕಳಿಸಿ ಮೌನಕ್ಕಾಗಿ ದುಃಖಿಸಿ ಫಲವಿಲ್ಲ. ಮೂರನೆಯದಾಗಿ, ಜೊತೆಗಿಡುವ ಪತ್ರ ಒಂದು ಪುಟವನ್ನು ಮೀರಬಾರದು. ಕೃತಿಯ ವಸ್ತು, ಪುಟಗಳ ಸಂಖ್ಯೆ, ಬರೆದವರ ಊರು ಮತ್ತು ಉದ್ಯೋಗ ಇಷ್ಟು ಸಾಕು. “ಗೃಹಿಣಿಯಾದ ನನ್ನ ಅಲ್ಪ ಪ್ರಯತ್ನ” ಎಂಬಂಥ ಮಾತು ಬೇಡವೇ ಬೇಡ. ನಾಲ್ಕನೆಯದಾಗಿ, ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಮೂರು ತಿಂಗಳಾದ ಮೇಲೆ ವಿನಯದಿಂದ ಒಮ್ಮೆ ನೆನಪಿಸುವುದು ತಪ್ಪಲ್ಲ.

ಹಣದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಪ್ರಕಾಶಕನೆಂದರೆ ತನ್ನ ಹಣ ಹೂಡಿ ಪುಸ್ತಕ ತರುವವನು. ಲೇಖಕನಿಗೆ ಗೌರವಧನ ಕೊಡುವವನು. ಲೇಖಕನ ಹಣದಿಂದಲೇ ಅಚ್ಚು ಮಾಡುವುದಾದರೆ ಅದು ಮುದ್ರಣದ ಸೇವೆ ಮಾತ್ರ. ಅದನ್ನು ಬಯಸಿ ಮಾಡಿಸಿಕೊಂಡರೆ ದೋಷವಿಲ್ಲ. ಆದರೆ ಎಷ್ಟು ಪ್ರತಿ, ಯಾವ ಕಾಗದ, ಪ್ರತಿಗಳು ಯಾರ ಬಳಿ ಇರುತ್ತವೆ ಎಂಬುದು ಬರವಣಿಗೆಯಲ್ಲಿರಬೇಕು. ಮಗಳ ಮದುವೆಗೆಂದು ಇಟ್ಟ ಹಣವನ್ನು ಇದಕ್ಕೆ ಸುರಿಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದ ಕ್ಷಣದಿಂದಲೇ ಕೃತಿಯ ಹಕ್ಕು ಬರೆದವರದು. ಅದು ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷಗಳವರೆಗೆ ಉಳಿಯುತ್ತದೆ. ಆದ್ದರಿಂದ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಓದದೆ ಸಹಿ ಹಾಕುವುದು ಹೊಲವನ್ನೇ ಬರೆದುಕೊಟ್ಟಂತೆ. ಮೊದಲ ಪುಸ್ತಕ ತರುವ ಯುವ ಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಪ್ರೋತ್ಸಾಹಧನದ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಅದರ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಕೃತಿ ಮರಳಿ ಬರಬಹುದು. ಆಗ ಮರಳಿ ಬಂದದ್ದು ಒಂದು ಹಸ್ತಪ್ರತಿಯೇ ಹೊರತು ಬರೆದವರ ಮಾನವಲ್ಲ. ಕಾರಣ ಹೇಳಿದ್ದರೆ ಅದನ್ನು ಎರಡು ಸಲ ಓದಿ, ಸರಿಯೆನಿಸಿದ್ದನ್ನು ತಿದ್ದಿಕೊಂಡು, ಮುಂದಿನ ಬಾಗಿಲಿಗೆ ಹೋಗಬೇಕು.

ಆದರೆ ತಿದ್ದುವುದಕ್ಕೂ ಪತ್ರ ಬರೆಯುವುದಕ್ಕೂ ಹೊತ್ತು ಬೇಕಲ್ಲ? ಇದು ಮನೆಯವರು ಕೊಡಬೇಕಾದ ದಾನವಲ್ಲ, ಹಂಚಿಕೊಳ್ಳಬೇಕಾದ ಕೆಲಸ. ನಮ್ಮ ಜಿಲ್ಲೆಯ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಎಲ್ಲರಿಗೂ ಗೊತ್ತು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ತಿದ್ದಿದಳು; ಗಂಡ ತಿದ್ದಿಸಿಕೊಂಡ. ಆ ದಂಪತಿಗಳಲ್ಲಿ ಕಾಯಕ ಒಬ್ಬರದು, ವಿವೇಕ ಇನ್ನೊಬ್ಬರದು ಎಂಬ ವಿಂಗಡಣೆ ಇರಲಿಲ್ಲ. ಅವರ ಹೆಸರು ಹೇಳುವ ನಾವು ಮನೆಯಲ್ಲಿ ಬರೆಯುವ ಕೈಗೆ ದಿನಕ್ಕೆ ಒಂದು ತಾಸು ಬಿಡುವು ಮಾಡಿಕೊಡಲಾರೆವೇ?

ಈ ಮಾತನ್ನು ನಾವು ಆ ಹೆಣ್ಣುಮಗಳ ಗಂಡನಿಗೆ ಹೇಳಿದೆವು. ಆತ ತಲೆದೂಗಿದ. ಈಗ ಸಂಜೆ ಎಮ್ಮೆ ಹಿಂಡುವುದು, ಮಕ್ಕಳನ್ನು ಓದಿಗೆ ಕೂಡಿಸುವುದು ಆತನ ಪಾಲು. ಏಳರಿಂದ ಎಂಟರವರೆಗೆ ಆಕೆ ಬಾಗಿಲು ಮುಂದು ಮಾಡಿಕೊಂಡು ಕುಳಿತುಕೊಳ್ಳುತ್ತಾಳೆ. ಎಲ್ಲ ದಿನವೂ ಹಾಗೆ ನಡೆಯುತ್ತದೆಂದಲ್ಲ. ನಾಟಿಯ ಕಾಲದಲ್ಲಿ ಮೂರು ವಾರ ಒಂದು ಸಾಲನ್ನೂ ತಿದ್ದಲಾಗಲಿಲ್ಲ. ಮಗುವಿಗೆ ಜ್ವರ ಬಂದಾಗ ಮತ್ತೆರಡು ವಾರ ಹೋದವು. ಆದರೂ ಸಂಕ್ರಾಂತಿಯ ಹೊತ್ತಿಗೆ ತಿದ್ದಿದ ಪ್ರತಿ ಸಿದ್ಧವಾಗಿ, ಒಂದು ಪುಟದ ಪತ್ರದೊಂದಿಗೆ ಧಾರವಾಡದ ಕಡೆಗೆ ಹೊರಟಿತು. ಮುನ್ನುಡಿ ಬರೆದುಕೊಡಿ ಎಂದು ಆಕೆ ಕೇಳಿದ್ದಳು. ಪುಸ್ತಕ ತನ್ನ ಕಾಲ ಮೇಲೆ ನಿಲ್ಲಲಿ ಎಂದು ನಾವೇ ಬೇಡವೆಂದೆವು.

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಒಪ್ಪಿಗೆಯೇ ಬರುತ್ತದೆಂದು ಹೇಳುವ ಜ್ಯೋತಿಷ್ಯ ನಮಗೆ ಗೊತ್ತಿಲ್ಲ. ಮೊನ್ನೆ ಅವರ ಮನೆಯ ಮುಂದೆ ಹಾದು ಹೋಗುವಾಗ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯವರು ಒಳಗೆ ತಿರುಗಿ ಕೂಗಿ ಕೇಳುತ್ತಿದ್ದುದು ನಮ್ಮ ಕಿವಿಗೆ ಬಿತ್ತು: “ಏನವ್ವಾ, ಧಾರವಾಡದಿಂದ ಟಪಾಲು ಬಂತೇನು?”