ಎರಡು ಗಂಟೆಯ ವರದಿಗೂ ಮೊದಲು ಒಂದು ಫಾರ್ಮಲಿನ್ ಬಾಟಲಿ

ಮಲದಲ್ಲಿ ರಕ್ತ ಕಂಡರೆ ನಮ್ಮ ಜನ ಮೊದಲು ಹೇಳುವುದು ಮೂಲವ್ಯಾಧಿ ಎಂದೇ. ಶಿಡ್ಲಘಟ್ಟವಿರಲಿ, ಗೌರಿಬಿದನೂರಿರಲಿ, ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿದು, ಮುಲಾಮು ಹಚ್ಚಿ ತಿಂಗಳುಗಟ್ಟಲೆ ತಳ್ಳುವವರಿದ್ದಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಬಲಿಯುವುದು ಆ ತಿಂಗಳುಗಳಲ್ಲೇ. ಆಮೇಲೆ ಉಳಿಯುವುದು ಬೆಂಗಳೂರಿನ ದಾರಿ, ಅನೇಕರಿಗೆ ಕಿದ್ವಾಯಿ ಆಸ್ಪತ್ರೆ.

ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದರೆ ಈಗ ಸಾಲದು. ರೋಗ ಹರಡಿದ್ದರೆ ಕೆ-ರಾಸ್, ಎನ್-ರಾಸ್, ಬಿ-ರಾಫ್ ಎಂಬ ಜೀನುಗಳನ್ನು ನೋಡಬೇಕು. ಸುಮಾರು ಶೇ 40ರಷ್ಟು ರೋಗಿಗಳ ಗಡ್ಡೆಯಲ್ಲಿ ಕೆ-ರಾಸ್ ರೂಪಾಂತರಗೊಂಡಿರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಸೆಟುಕ್ಸಿಮಾಬ್ ನಾಟುವುದಿಲ್ಲ. ಜಮೀನು ಅಡವಿಟ್ಟು ಆ ದುಬಾರಿ ಔಷಧಿ ಕೊಡಿಸುವ ಮುನ್ನ ಈ ಪರೀಕ್ಷೆ ಆಗಲೇಬೇಕು.

ಯಂತ್ರಗಳು ಇದನ್ನು ಸಲೀಸು ಮಾಡಿವೆ. ಬೆಲ್ಜಿಯಂನ ಬಯೊಕಾರ್ಟಿಸ್ ಕಂಪನಿಯ ‘ಇಡಿಲ್ಲಾ’ದಲ್ಲಿ ಗಡ್ಡೆಯ ತೆಳು ಪದರವನ್ನು ಕಾರ್ಟ್ರಿಜ್‌ಗೆ ಹಾಕಿದರೆ ಡಿಎನ್‌ಎ ಬಿಡಿಸುವುದರಿಂದ ವರದಿಯವರೆಗೆ ಎಲ್ಲವೂ ಸುಮಾರು 2 ಗಂಟೆಯಲ್ಲಿ ಮುಗಿಯುತ್ತದೆ. ಈ ಬಗೆಯ ಯಂತ್ರ ನಮಗೆ ಹೊಸದಲ್ಲ. ಕ್ಷಯ ಪತ್ತೆಯ ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ; 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು.

ಆದರೆ ಯಂತ್ರಕ್ಕೂ ಮುಂಚಿನ ಕೆಲಸವೆಲ್ಲ ಮನುಷ್ಯರದು. ತೆಗೆದ ತುಣುಕು ತಕ್ಷಣ ಶೇ 10ರ ಫಾರ್ಮಲಿನ್‌ಗೆ ಬೀಳಬೇಕು. ಬರೀ ಸಲೈನಿನಲ್ಲಿ ಊರಿಂದೂರಿಗೆ ಹೋದರೆ ಕೊಳೆಯುತ್ತದೆ. ಫಾರ್ಮಲಿನ್‌ನಲ್ಲೇ ದಿನಗಟ್ಟಲೆ ಉಳಿದರೂ ಡಿಎನ್‌ಎ ಚೂರಾಗುತ್ತದೆ. ಪದರದಲ್ಲಿ ಕ್ಯಾನ್ಸರ್ ಕೋಶಗಳು ಸಾಕಷ್ಟಿವೆಯೇ ಎಂದು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತು ಹಾಕಬೇಕು. ಕೋಶಗಳು ಕಡಿಮೆಯಿದ್ದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ‘ರೂಪಾಂತರವಿಲ್ಲ’ ಎಂದುಬಿಡಬಹುದು. ತಾಲ್ಲೂಕು ಮಟ್ಟದಲ್ಲಿ ಸರ್ಕಾರ ಮೊದಲು ಖರ್ಚು ಮಾಡಬೇಕಾದದ್ದು ಸರಿಯಾದ ಬಾಟಲಿ, ತರಬೇತಾದ ತಂತ್ರಜ್ಞರು ಮತ್ತು ಮಾದರಿ ಸಾಗಿಸುವ ವ್ಯವಸ್ಥೆಯ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಪರೀಕ್ಷೆ ಎಂಎಸ್‌ಐ. ಇದು ಇಮ್ಯುನೊಥೆರಪಿ ಫಲಿಸೀತೇ ಎಂದು ಹೇಳುವುದರ ಜೊತೆಗೆ, ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷದ ಸುಳಿವನ್ನೂ ಕೊಡುತ್ತದೆ. ಆ ದೋಷವಿರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಮದುವೆ ಸಂಬಂಧ ಕೆಟ್ಟೀತೆಂದು ಕಾಯಿಲೆ ಮುಚ್ಚಿಡುವ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಸಕಾಲದ ಕೊಲೊನೊಸ್ಕೊಪಿಯಿಂದ ವಂಚಿತರಾಗುತ್ತಾರೆ.

ಚಿಂತಾಮಣಿ, ಚಿಕ್ಕಬಳ್ಳಾಪುರದ ಓದುಗರಲ್ಲಿ ನನ್ನ ವಿನಂತಿ: ರಕ್ತ ಕಂಡರೆ ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಎಂದಾದರೆ ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆಸ್ಪತ್ರೆ ಬದಲಿಸುವಾಗ ಸ್ಲೈಡಿನ ಜೊತೆ, ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ.