ನಿಮಗಿದು ಗೊತ್ತೆ? ಒಂದಕ್ಕಿಂತ ಹಿರಿದಾಗುವ ಋಣ ಒಂದು

ಋಣಸಂಖ್ಯೆಯಾದ −1, ಧನಸಂಖ್ಯೆಯಾದ 1ಕ್ಕಿಂತ ಕಿರಿದೆಂಬುದು ಶಾಲಾಬಾಲಕರೂ ಬಲ್ಲ ಸಂಗತಿಯಾದರೂ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1970ರ ದಶಕದ ಆದಿಯಲ್ಲಿ ನಿರ್ಮಿಸಿದ ಸಿ ಭಾಷೆಯಲ್ಲಿ, ಆ 1 ಎಂಬುದು ಋಣಚಿಹ್ನೆಯನ್ನೇ ಅರಿಯದ 'ಅನ್‌ಸೈನ್ಡ್ ಇಂಟ್' ವರ್ಗಕ್ಕೆ ಸೇರಿದ್ದಾದರೆ, ಇದೇ ಹೋಲಿಕೆ ಸುಳ್ಳೆಂದು ನಿರ್ಣಯವಾಗುತ್ತದೆ. ಭಿನ್ನ ವರ್ಗಗಳ ಪೂರ್ಣಾಂಕಗಳನ್ನು ತೂಗುವ ಮೊದಲು ಅವನ್ನು ಸಮಾನ ವರ್ಗಕ್ಕೆ ತರಬೇಕೆಂಬ ನಿಯಮವಿರುವುದರಿಂದ, 'ಇಂಟ್' ಆಗಿದ್ದ −1 ತನ್ನ ಚಿಹ್ನೆಯನ್ನು ಕಳೆದುಕೊಂಡು, 32 ಬಿಟ್‌ಗಳ ಇಂಟ್ ಉಳ್ಳ ಯಂತ್ರದಲ್ಲಿ 4,29,49,67,295 ಎಂಬ ಬೃಹತ್ಸಂಖ್ಯೆಯಾಗಿ ಪರಿಣಮಿಸುತ್ತದೆ. ವಿಸ್ಮಯವೆಂದರೆ, 'ಅನ್‌ಸೈನ್ಡ್ ಚಾರ್' ಎಂಬ ಕಿರಿಯ ವರ್ಗಕ್ಕೆ ಈ ವಿಪರ್ಯಾಸವಿಲ್ಲ. ಹೋಲಿಕೆಗೆ ಮುನ್ನ ಅದು ಸಾಮಾನ್ಯವಾಗಿ ಇಂಟ್ ಪದವಿಗೆ ಬಡ್ತಿ ಪಡೆಯುವುದರಿಂದ, ಅಲ್ಲಿಯ 255ರ ಎದುರು −1 ಕಿರಿದಾಗಿಯೇ ಉಳಿಯುತ್ತದೆ. ಹಿಂದೆ ಕೆಲವು ಕಂಪೈಲರ್‌ಗಳು ಇಂತಹ ಕಿರಿಯ ವರ್ಗಗಳನ್ನೂ ಅನ್‌ಸೈನ್ಡ್ ಆಗಿಯೇ ಉಳಿಸುತ್ತಿದ್ದವು; ಮೌಲ್ಯವನ್ನು ಕಾಯುವ ಕ್ರಮವನ್ನು ಸ್ಥಿರಪಡಿಸಿದ್ದು 1989ರ ಅಮೆರಿಕನ್ ಮಾನಕ, ಮತ್ತು ಅದು ವಿವೇಕದ ಆಯ್ಕೆಯೇ ಸರಿ. ವಸ್ತುವಿನ ಗಾತ್ರವನ್ನು ತಿಳಿಸುವ 'ಸೈಜ್‌ಆಫ್' ಕೂಡ ಚಿಹ್ನೆಯಿಲ್ಲದ ಸಂಖ್ಯೆಯನ್ನೇ ಕೊಡುವುದರಿಂದ, ನುರಿತವರೂ ಇಲ್ಲಿ ಎಡವುವುದುಂಟು. ಸಿ ಭಾಷೆಯಲ್ಲಿ ಪ್ರೋಗ್ರಾಂ ರಚಿಸುವವರು ಇಂತಹ ಹೋಲಿಕೆಗಳನ್ನು ಎತ್ತಿ ತೋರುವ, ಜಿಸಿಸಿ ಕಂಪೈಲರಿನ 'ಸೈನ್-ಕಂಪೇರ್' ಎಚ್ಚರಿಕೆಯನ್ನು ತಾವಾಗಿಯೇ ಚಾಲನೆಗೊಳಿಸಿಕೊಳ್ಳಬೇಕು. 'ವಾಲ್' ಎಂಬ ಸಾಮಾನ್ಯ ಸೂಚನೆಯೊಂದರಿಂದಲೇ ಅದು ಜಾಗೃತವಾಗುವುದಿಲ್ಲ.