ಕುದುರೆ ಮಾಂಸ: ಒಪ್ಪಿದವರು, ಒಲ್ಲದವರು

1916ರ ಏಪ್ರಿಲ್. ಈಗಿನ ಇರಾಕಿನಲ್ಲಿ, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂಟ್ ಪಟ್ಟಣ. ಬ್ರಿಟಿಷ್ ಜನರಲ್ ಟೌನ್‌ಶೆಂಡ್‌ನ ಸೈನ್ಯ ತುರ್ಕರ ಮುತ್ತಿಗೆಗೆ ಸಿಕ್ಕಿ ನಾಲ್ಕು ತಿಂಗಳು ದಾಟಿತ್ತು. ಸೈನಿಕರಲ್ಲಿ ಬಹುಪಾಲು ನಮ್ಮವರು. ಪಂಜಾಬಿ, ರಜಪೂತ, ಗೂರ್ಖಾ ಪಡೆಗಳ ಜೊತೆ ಮರಾಠಾ ಪಡೆಗಳೂ ಇದ್ದವು. ಮುಂದೆ ಬೆಳಗಾವಿಯನ್ನೇ ಕೇಂದ್ರ ಮಾಡಿಕೊಂಡ ಸೇನಾದಳದ ಹಿರಿಯರು ಅವರು.

ಕಾಯಿಪಲ್ಲೆ ಇಲ್ಲ, ದಿನದ ಹಿಟ್ಟಿನ ಪಾಲು ಇಳಿಯುತ್ತಲೇ ಇತ್ತು. ಬ್ರಿಟಿಷ್ ಸೈನಿಕರು ಲಾಯದ ಕುದುರೆಗಳನ್ನು ಕಡಿದು ತಿನ್ನತೊಡಗಿದರು. ಭಾರತೀಯರಲ್ಲಿ ಹೆಚ್ಚಿನವರು ಒಲ್ಲೆವೆಂದರು. ತಿಂದರೆ ತಪ್ಪಿಲ್ಲವೆಂದು ಭಾರತದ ಹಿಂದೂ, ಮುಸ್ಲಿಂ ಧರ್ಮಗುರುಗಳಿಂದ ತಂತಿ ತರಿಸಿದರೂ ಅವರು ಬಹುಕಾಲ ಒಪ್ಪಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಏನೆಂದಾರು, ಮಕ್ಕಳಿಗೆ ಸಂಬಂಧ ಕೂಡೀತೆ ಎಂಬ ಚಿಂತೆ ಅವರದು. ತಾಜಾ ಮಾಂಸವೂ ತರಕಾರಿಯೂ ಇಲ್ಲದೆ ಅವರ ವಸಡುಗಳಲ್ಲಿ ರಕ್ತ ಒಸರಿತು. ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗ ಹಬ್ಬಿತು. ಬಿಳಿ ಹಿಟ್ಟಿನ ರೊಟ್ಟಿ ತಿಂದ ಬ್ರಿಟಿಷರನ್ನು ಕಾಡಿದ್ದು ಬೆರಿಬೆರಿ. ಕೊನೆಯ ವಾರಗಳಲ್ಲಿ ಸಾವಿರಾರು ಭಾರತೀಯರು ಕುದುರೆ ಮಾಂಸಕ್ಕೆ ಕೈ ಹಾಕಿದರು. ಏಪ್ರಿಲ್ 29ರಂದು ಸೈನ್ಯ ಶರಣಾಯಿತು.

ಆ ಸೈನಿಕರ ಹಟವನ್ನು ಮೂಢತನವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಗುರುಗಳ ಅಪ್ಪಣೆ ಸಿಕ್ಕಿದ ಮಾತ್ರಕ್ಕೆ ಊರಿನ ಬಾಯಿ ಮುಚ್ಚುವುದಿಲ್ಲ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಯುರೋಪಿನಲ್ಲೂ ಹೀಗೆಯೇ ಹಗ್ಗಜಗ್ಗಾಟ ನಡೆದಿದೆ. 732ರಲ್ಲಿ ಪೋಪ್ ಮೂರನೆಯ ಗ್ರೆಗರಿ, ಜರ್ಮನ್ ನಾಡಿನಲ್ಲಿ ಮತಪ್ರಚಾರಕ್ಕೆ ಹೋಗಿದ್ದ ಬೋನಿಫೇಸ್‌ನಿಗೆ ಪತ್ರ ಬರೆದು ಕುದುರೆ ತಿನ್ನುವುದನ್ನು ನಿಲ್ಲಿಸಲು ಹೇಳಿದ. ಅಲ್ಲಿನ ಹಳೆಯ ದೇವತೆಗಳಿಗೆ ಕುದುರೆ ಬಲಿ ಸಲ್ಲುತ್ತಿತ್ತು. ಊಟ ಬಿಡಿಸುವುದೆಂದರೆ ಆ ದೇವರನ್ನೂ ಬಿಡಿಸಿದಂತೆ. ಐಸ್‌ಲ್ಯಾಂಡಿನವರು ಸುಮಾರು ಕ್ರಿ.ಶ. 1000ರಲ್ಲಿ ಕ್ರೈಸ್ತರಾಗಲು ಒಪ್ಪಿದಾಗ, ಕುದುರೆ ಮಾಂಸವನ್ನು ಮಾತ್ರ ಸದ್ಯಕ್ಕೆ ಬಿಡೆವೆಂದು ರಿಯಾಯಿತಿ ಪಡೆದರು.

ಫ್ರಾನ್ಸ್ ತಿರುಗಿಬಿದ್ದ ಬಗೆ ಇನ್ನೂ ಸ್ವಾರಸ್ಯದ್ದು. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆ 1809ರ ಆಸ್ಪರ್ನ್ ಯುದ್ಧದ ಗಾಯಾಳುಗಳಿಗೆ ಕುದುರೆ ಮಾಂಸದ ಸಾರು ಕಾಯಿಸಿ ಕುಡಿಸಿದ. ಪಾತ್ರೆ ಇಲ್ಲ, ಸವಾರರ ಎದೆಗವಚಗಳೇ ಪಾತ್ರೆಯಾದವು. ಉಪ್ಪಿಲ್ಲ, ಸಿಡಿಮದ್ದನ್ನೇ ಉದುರಿಸಿದರು. ಮುಂದೆ ಪ್ರಾಣಿವಿಜ್ಞಾನಿ ಇಸಿದೋರ್ ಜೆಫ್ರಾ ಸಾಂತಿಲೇರ್, ಸೇನೆಯ ಪಶುವೈದ್ಯ ಎಮಿಲ್ ದೆಕ್ರ್ವಾ ಇದರ ಪರ ಪ್ರಚಾರಕ್ಕೆ ನಿಂತರು. ಕೂಲಿಕಾರರಿಗೆ ಮಾಂಸ ಎಟುಕುತ್ತಿಲ್ಲ, ಅತ್ತ ಮುದಿ ಕುದುರೆಗಳ ಮಾಂಸ ವ್ಯರ್ಥವಾಗುತ್ತಿದೆ ಎಂಬುದು ಒಂದು ವಾದ. ಇನ್ನೊಂದು ವಾದ ಪ್ರಾಣಿದಯೆಯದು: ಮಾಂಸಕ್ಕೆ ಬೆಲೆ ಬಂದರೆ ಮಾಲೀಕ ತನ್ನ ಮುದಿ ಕುದುರೆಯನ್ನು ಹಸಿವಿನಿಂದ ಸೊರಗಿಸಿ, ಬಿದ್ದು ಸಾಯುವವರೆಗೂ ದುಡಿಸಲಾರ. 1866ರಲ್ಲಿ ಪ್ಯಾರಿಸ್ಸಿನಲ್ಲಿ ಸರ್ಕಾರದ ಒಪ್ಪಿಗೆಯೊಂದಿಗೆ ಕುದುರೆ ಮಾಂಸದ ಅಂಗಡಿ ತೆರೆಯಿತು. 1870ರ ಜರ್ಮನ್ನರ ಮುತ್ತಿಗೆಯಲ್ಲಿ ಆ ನಗರ ಹತ್ತಾರು ಸಾವಿರ ಕುದುರೆಗಳನ್ನು ತಿಂದು ಉಸಿರು ಹಿಡಿದುಕೊಂಡಿತು. ಬಾಗಿಲ ಮೇಲೆ ಹೊಂಬಣ್ಣದ ಕುದುರೆ ತಲೆಯಿರುವ ಅಂಗಡಿಗಳು ಅಲ್ಲಿ ಬೇರೂರಿದ್ದು ಹೀಗೆ. ಕಡಲಾಚೆಯ ಇಂಗ್ಲೆಂಡ್ ಮಾತ್ರ ಮೂಗು ಮುರಿಯುತ್ತಲೇ ಉಳಿಯಿತು.

ಕಜಕಿಸ್ತಾನದ ಹುಲ್ಲುಗಾವಲಿನಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಇದಕ್ಕೆ ಕಾರಣ ಹಿಮ. ದನಕ್ಕೆ ಹಿಮದಡಿಯ ಹುಲ್ಲು ಸುಲಭಕ್ಕೆ ಸಿಗದು. ಕುದುರೆ ಗೊರಸಿನಿಂದ ಹಿಮ ಕೆದರಿ ತಾನೂ ಮೇಯುತ್ತದೆ, ಹಿಂದೆ ಬರುವ ಕುರಿಗಳಿಗೂ ದಾರಿ ಮಾಡಿಕೊಡುತ್ತದೆ. ಮೇವು ಕೂಡಿಡಲಾಗದ ಅಲೆಮಾರಿಗಳಿಗೆ ಚಳಿಗಾಲ ದಾಟಿಸಬಲ್ಲ ಸಂಪತ್ತು ಇದೇ. ಚಳಿ ಶುರುವಾಗುತ್ತಲೇ ಕೊಬ್ಬಿದ ಕುದುರೆಯನ್ನು ಕಡಿದು, ಪಕ್ಕೆಲುಬಿನ ಮಾಂಸಕ್ಕೆ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಹಚ್ಚಿ, ತೊಳೆದ ಕರುಳಿನೊಳಗೆ ತುಂಬಿ ‘ಕಜಿ’ ಮಾಡುತ್ತಾರೆ. ಅವರು ಅನುಸರಿಸುವುದು ಇಸ್ಲಾಮಿನ ಹನಫಿ ಪಂಥವನ್ನು. ಅದರ ಮೂಲಗುರು ಅಬು ಹನೀಫಾ ಕುದುರೆ ಮಾಂಸವನ್ನು ಮೆಚ್ಚಿದವರಲ್ಲ. ಆದರೂ ಕಜಿ ಇಲ್ಲದೆ ಅಲ್ಲಿ ಹಬ್ಬದೂಟ ಕಳೆಗಟ್ಟದು.

ತಿನ್ನಬೇಕೋ ಬೇಡವೋ ಎಂಬುದನ್ನು ಶಾಸ್ತ್ರಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಆಯಾ ನೆಲದಲ್ಲಿ ಕುದುರೆಗಿರುವ ಸ್ಥಾನವೇ ಎಂದು ನಾನು ನಂಬಿದ್ದೇನೆ.

2013ರಲ್ಲಿ ಐರ್ಲೆಂಡ್, ಬ್ರಿಟನ್ನಿನ ಅಂಗಡಿಗಳಲ್ಲಿ ದನದ ಮಾಂಸವೆಂದು ಮಾರಿದ ತಿನಿಸುಗಳಲ್ಲಿ ಕುದುರೆ ಮಾಂಸ ಸಿಕ್ಕಿದಾಗ ಎದ್ದ ಸಿಟ್ಟು ನ್ಯಾಯವಾದದ್ದೇ. ಚೀಟಿಯ ಮೇಲೊಂದು, ಒಳಗೊಂದು ಎಂದರೆ ಅದು ಮೋಸ. ತನ್ನ ಬಾಯಿಗೆ ಬೀಳುವುದೇನೆಂದು ತಿಳಿಯುವ ಹಕ್ಕು ಎಲ್ಲರದು. ಕುದುರೆಗಳಿಗೆ ಕೊಡುವ ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಔಷಧ ಮನುಷ್ಯರ ಆಹಾರಕ್ಕೆ ಸೇರಬಾರದೆಂಬ ನಿಯಮವೂ ಇದೆ.

ಕನ್ನಡದ ಮಕ್ಕಳು ಈಗ ವೈದ್ಯಕೀಯ ಓದಲು ಕಜಕಿಸ್ತಾನ, ಕಿರ್ಗಿಸ್ತಾನಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಯಾರಾದರೂ ಮನೆಗೆ ಕರೆದರೆ ತಟ್ಟೆಯಲ್ಲಿರುವುದು ಏನೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ತಿನ್ನುವುದಿಲ್ಲವಾದರೆ ಎದೆಯ ಮೇಲೆ ಕೈಯಿಟ್ಟು ಬೇಡವೆನ್ನಿ. ಆದರೆ ಮುಖ ಕಿವುಚಬೇಡಿ. ಅತಿಥಿಗೆಂದು ಅವರು ಬಡಿಸುವುದು ತಮ್ಮ ಮನೆಯಲ್ಲಿರುವ ಅತ್ಯುತ್ತಮವಾದದ್ದನ್ನೇ.